ರಣಜಿ ಗೆಲ್ಲಿಸಿದ ಕೋಚ್ ಐಪಿಎಲ್‌ಗೆ ಹೋಗ್ತಾರಾ? ಪಂಡಿತ್, ಮಜುಂದಾರ್, ದ್ರಾವಿಡ್ ಹಿಡಿದ ಹಾದಿ ಇಲ್ಲಿದೆ

ಕಾಮೋಠೆ (ನವಿ ಮುಂಬೈ): ರಾಜ್ಯ ತಂಡವನ್ನೋ ಕಿರಿಯರ ತಂಡವನ್ನೋ ಗೆಲ್ಲಿಸಿದ ಕೋಚ್ ಬಗ್ಗೆ ಅಭಿಮಾನಿಗಳು ಕೇಳುವ ಮೊದಲ ಪ್ರಶ್ನೆ ಒಂದೇ: ಇವರು ಇಲ್ಲೇ ಇರ್ತಾರಾ, ಇಲ್ಲ ಐಪಿಎಲ್‌ಗೆ ಹೋಗ್ತಾರಾ? ಅಮೆರಿಕದಲ್ಲಿ ಇದೇ ಪ್ರಶ್ನೆ ಕಾಲೇಜು ಫುಟ್‌ಬಾಲ್ ಕೋಚ್‌ಗಳ ಸುತ್ತ ಪ್ರತಿ ಚಳಿಗಾಲದಲ್ಲೂ ಏಳುತ್ತದೆ. ನಮ್ಮಲ್ಲಿ ಕಾಲೇಜು ಕ್ರೀಡೆಗೆ ಅಷ್ಟು ದೊಡ್ಡ ಮಾರುಕಟ್ಟೆ ಇಲ್ಲ. ಆ ಜಾಗದಲ್ಲಿ ರಣಜಿ ಟ್ರೋಫಿ ಇದೆ, 19 ವರ್ಷದೊಳಗಿನವರ ತಂಡವಿದೆ. ವೃತ್ತಿಪರ ಲೀಗ್‌ನ ಜಾಗದಲ್ಲಿ ಐಪಿಎಲ್ ಇದೆ.

ಕಾಮೋಠೆಯವರಿಗೆ ಈ ವಿಷಯ ದೂರದ್ದಲ್ಲ. ಮಾನಸರೋವರ ನಿಲ್ದಾಣದಲ್ಲಿ ಹಾರ್ಬರ್ ಲೈನ್ ಲೋಕಲ್ ಹತ್ತಿದರೆ ನಾಲ್ಕನೇ ನಿಲ್ದಾಣ ನೆರೂಳ್. ಅಲ್ಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಮೊದಲ ಬಾರಿಗೆ ಏಕದಿನ ವಿಶ್ವಕಪ್ ಎತ್ತಿದರು. ಆ ತಂಡದ ಕೋಚ್ ಅಮೋಲ್ ಮಜುಂದಾರ್, ಅದಕ್ಕೂ ಮೂರು ವರ್ಷ ಹಿಂದೆ ಬೆಂಗಳೂರಿನಲ್ಲಿ ರಣಜಿ ಫೈನಲ್ ಸೋತ ಮುಂಬೈ ತಂಡದ ಕೋಚ್ ಆಗಿದ್ದವರು.

ಚಿನ್ನಸ್ವಾಮಿಯಲ್ಲಿ ನಡೆದ ಆ ಫೈನಲ್

2022ರ ಜೂನ್ 22ರಿಂದ 26ರವರೆಗೆ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈ ಮತ್ತು ಮಧ್ಯಪ್ರದೇಶ ಮುಖಾಮುಖಿಯಾದವು. ಮುಂಬೈ ಮೊದಲ ಇನಿಂಗ್ಸ್‌ನಲ್ಲಿ 374 ರನ್ ಮಾಡಿತು, ಸರ್ಫರಾಜ್ ಖಾನ್ 134. ಉತ್ತರವಾಗಿ ಮಧ್ಯಪ್ರದೇಶ 536. ಯಶ್ ದುಬೆ, ಶುಭಂ ಶರ್ಮಾ, ರಜತ್ ಪಾಟಿದಾರ್ ಮೂವರೂ ಶತಕ ಹೊಡೆದರು. ಕೊನೆಗೆ 108 ರನ್ ಗುರಿಯನ್ನು 4 ವಿಕೆಟ್ ಕಳೆದುಕೊಂಡು ಮುಟ್ಟಿದ ಮಧ್ಯಪ್ರದೇಶಕ್ಕೆ ಚೊಚ್ಚಲ ರಣಜಿ ಕಿರೀಟ ಸಿಕ್ಕಿತು.

ಅಂದು ಗೆದ್ದ ತಂಡದ ಕೋಚ್ ಚಂದ್ರಕಾಂತ್ ಪಂಡಿತ್ ಮೈದಾನದಲ್ಲೇ ಕಣ್ಣೀರು ಹಾಕಿದ್ದರು. ಕಾರಣ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 1998-99ರ ರಣಜಿ ಫೈನಲ್‌ನಲ್ಲಿ ಇದೇ ಮೈದಾನದಲ್ಲಿ ಮಧ್ಯಪ್ರದೇಶದ ನಾಯಕ ಇವರೇ. ಮೊದಲ ಇನಿಂಗ್ಸ್ ಮುನ್ನಡೆ ಪಡೆದೂ ಕೊನೆಯ ದಿನ ಕರ್ನಾಟಕದ ಎದುರು ಸೋತು ಬರಿಗೈಯಲ್ಲಿ ಊರಿಗೆ ಹೋಗಿದ್ದರು. 23 ವರ್ಷಗಳ ಬಳಿಕ ಅದೇ ಅಂಗಳದಲ್ಲಿ ಸಾಲ ತೀರಿತು, ಅದೂ ತಾವು ಹುಟ್ಟಿ ಬೆಳೆದ ಮುಂಬೈ ವಿರುದ್ಧ.

ಫೈನಲ್ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. ಆಗಸ್ಟ್ 17ರಂದು ಕೋಲ್ಕತ್ತ ನೈಟ್ ರೈಡರ್ಸ್ ತನ್ನ ಹೊಸ ಮುಖ್ಯ ಕೋಚ್ ಆಗಿ ಪಂಡಿತ್ ಹೆಸರನ್ನು ಪ್ರಕಟಿಸಿತು. ಬ್ರೆಂಡನ್ ಮೆಕಲಮ್ ಇಂಗ್ಲೆಂಡ್ ಟೆಸ್ಟ್ ತಂಡಕ್ಕೆ ಹೋಗಿದ್ದರಿಂದ ಆ ಹುದ್ದೆ ಖಾಲಿಯಾಗಿತ್ತು. ಮಜುಂದಾರ್ 2023ರ ಅಕ್ಟೋಬರ್‌ನಲ್ಲಿ ಭಾರತ ಮಹಿಳಾ ತಂಡದ ಕೋಚ್ ಆದರು. ಹೀಗೆ ಒಂದೇ ಫೈನಲ್‌ನ ಎರಡೂ ಕೋಚ್‌ಗಳು ಒಂದೂವರೆ ವರ್ಷದೊಳಗೆ ದೊಡ್ಡ ವೇದಿಕೆಗೆ ಹೋದರು. ಆದರೆ ಇಬ್ಬರೂ ಹೋದ ದಿಕ್ಕು ಬೇರೆ, ಸಿಕ್ಕಿದ್ದೂ ಬೇರೆ.

ಒಮ್ಮೆ ಬೇಡ ಎಂದಿದ್ದ ಪಂಡಿತ್

ಭಾರತಕ್ಕಾಗಿ 5 ಟೆಸ್ಟ್, 36 ಏಕದಿನ ಪಂದ್ಯ ಆಡಿದ ವಿಕೆಟ್‌ಕೀಪರ್ ಪಂಡಿತ್, ಕೋಚ್ ಆಗಿ ಆರು ರಣಜಿ ಟ್ರೋಫಿ ಗೆಲ್ಲಿಸಿದ್ದಾರೆ. ಮುಂಬೈಗೆ ಮೂರು (2002-03, 2003-04, 2015-16), ವಿದರ್ಭಕ್ಕೆ ಎರಡು (2017-18, 2018-19), ಮಧ್ಯಪ್ರದೇಶಕ್ಕೆ ಒಂದು. ಮುಂಬೈಯನ್ನು ಗೆಲ್ಲಿಸುವುದು ಒಂದು ಮಾತು. ಅದುವರೆಗೆ ಒಮ್ಮೆಯೂ ಗೆಲ್ಲದ ವಿದರ್ಭವನ್ನು ಸತತ ಎರಡು ವರ್ಷ ಗೆಲ್ಲಿಸುವುದು ಬೇರೆಯದೇ ಕೆಲಸ. 2017ರ ಡಿಸೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಕರ್ನಾಟಕ ಇದೇ ವಿದರ್ಭದ ಎದುರು ಬರೀ 5 ರನ್‌ಗಳಿಂದ ಸೋತದ್ದನ್ನು ಯಾರು ಮರೆತಾರು? ವೇಗಿ ರಜನೀಶ್ ಗುರ್ಬಾನಿ ಎರಡನೇ ಇನಿಂಗ್ಸ್‌ನಲ್ಲಿ 7 ವಿಕೆಟ್ ಕಿತ್ತಿದ್ದರು.

ಇಂಥ ದಾಖಲೆ ಇದ್ದೂ ಅವರು 2022ರವರೆಗೆ ಐಪಿಎಲ್ ಕಡೆ ಸುಳಿಯಲಿಲ್ಲ. ರಣಜಿ ಗೆದ್ದ ಬಳಿಕ ನೀಡಿದ ಸಂದರ್ಶನದಲ್ಲಿ ಅವರೇ ಇದಕ್ಕೆ ಕಾರಣ ಹೇಳಿದ್ದರು. 2012ರಲ್ಲಿ ಶಾರುಖ್ ಖಾನ್ ಅವರನ್ನು ಭೇಟಿಯಾಗಿದ್ದರೂ ವಿದೇಶಿ ಕೋಚ್ ಕೈಕೆಳಗೆ ಕೆಲಸ ಮಾಡಲು ಮನಸ್ಸು ಒಪ್ಪಲಿಲ್ಲ ಎಂಬುದು ಅವರ ಮಾತಿನ ಸಾರ. ಹತ್ತು ವರ್ಷಗಳ ನಂತರ ಅದೇ ಫ್ರಾಂಚೈಸಿ ಮುಖ್ಯ ಕೋಚ್ ಕುರ್ಚಿಯನ್ನೇ ಕೊಟ್ಟಿತು. ಸಹಾಯಕನಾಗಿ ಬೇಡ, ಮುಖ್ಯಸ್ಥನಾಗಿ ಸರಿ. ಹಣಕ್ಕಿಂತ ಅಧಿಕಾರದ ಪ್ರಶ್ನೆ ಇಲ್ಲಿ ದೊಡ್ಡದಿತ್ತು ಎಂದೇ ಕಾಣುತ್ತದೆ.

ಐಪಿಎಲ್‌ನಲ್ಲಿ ಏನಾಯಿತು?

2023ರಲ್ಲಿ ಕೆಕೆಆರ್ ಏಳನೇ ಸ್ಥಾನ. 2024ರಲ್ಲಿ ಚಾಂಪಿಯನ್: ಮೇ 26ರಂದು ಚೆನ್ನೈನಲ್ಲಿ ಸನ್‌ರೈಸರ್ಸ್ ಹೈದರಾಬಾದ್ ವಿರುದ್ಧ 8 ವಿಕೆಟ್ ಜಯ. ಆಶಿಶ್ ನೆಹ್ರಾ (ಗುಜರಾತ್ ಟೈಟನ್ಸ್, 2022) ಬಳಿಕ ಐಪಿಎಲ್ ಗೆದ್ದ ಎರಡನೇ ಭಾರತೀಯ ಮುಖ್ಯ ಕೋಚ್ ಪಂಡಿತ್. ಆದರೂ ಆ ವರ್ಷ ಸುದ್ದಿಯಲ್ಲಿ ಮಿಂಚಿದ್ದು ಮೆಂಟರ್ ಆಗಿ ಮರಳಿದ್ದ ಗೌತಮ್ ಗಂಭೀರ್. 2025ರಲ್ಲಿ ತಂಡ ಎಂಟನೇ ಸ್ಥಾನಕ್ಕೆ ಇಳಿಯಿತು. ಜುಲೈನಲ್ಲಿ ಪಂಡಿತ್ ಮತ್ತು ಕೆಕೆಆರ್ ದಾರಿ ಬೇರೆಯಾಯಿತು. ಅಲ್ಲಿಗೆ ಬಂದವರು ಮುಂಬೈನವರೇ ಆದ ಅಭಿಷೇಕ್ ನಾಯರ್.

ನಡುವೆ ಇನ್ನೊಂದು ಮಾತು ಕೇಳಿಬಂದಿತ್ತು. 2023ರಲ್ಲಿ ಕೆಕೆಆರ್‌ನಲ್ಲಿದ್ದ ನಮೀಬಿಯಾದ ಆಲ್‌ರೌಂಡರ್ ಡೇವಿಡ್ ವೀಸಾ, ಪಂಡಿತ್ ಅವರ ಸೇನಾ ಶೈಲಿಯ ಶಿಸ್ತು ವಿದೇಶಿ ಆಟಗಾರರಿಗೆ ಹಿಡಿಸಲಿಲ್ಲ ಎಂದು ನಂತರ ಹೇಳಿದರು. ಇದನ್ನು ಪಂಡಿತ್ ಮೇಲಿನ ಆರೋಪ ಎಂದಷ್ಟೇ ಓದಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಅದೇ ಶಿಸ್ತು ನಾಗ್ಪುರ, ಇಂದೋರ್‌ನಲ್ಲಿ ಟ್ರೋಫಿ ತಂದಿತ್ತು.

ವ್ಯತ್ಯಾಸ ಇರುವುದು ಕೆಲಸದ ಸ್ವರೂಪದಲ್ಲಿ. ರಣಜಿ ಕೋಚ್ ಕೈಗೆ ಸಿಗುವುದು ಬಹುತೇಕ ಒಂದೇ ರಾಜ್ಯದ ಹುಡುಗರು. ಮಳೆಗಾಲದಿಂದಲೇ ಶಿಬಿರ ನಡೆಸಬಹುದು, ಒಬ್ಬ ಬ್ಯಾಟರ್‌ನ ಕಾಲಿನ ಚಲನೆ ತಿದ್ದಲು ಎರಡು ಸೀಸನ್ ಕಾಯಬಹುದು. ಆ ಹುಡುಗನಿಗೂ ಕೋಚ್ ಮಾತು ಕೇಳದೆ ಬೇರೆ ದಾರಿ ಇಲ್ಲ. ಐಪಿಎಲ್‌ನಲ್ಲಿ ಎರಡು ತಿಂಗಳಲ್ಲಿ ಎಲ್ಲ ಮುಗಿಯಬೇಕು. ತಂಡ ಹರಾಜಿನಲ್ಲಿ ಸಿದ್ಧವಾಗುತ್ತದೆ. ಮಾಲೀಕರು, ಸಿಇಒ, ಮೆಂಟರ್, ಡೇಟಾ ವಿಶ್ಲೇಷಕ, ಬ್ಯಾಟಿಂಗ್ ಕೋಚ್, ಬೌಲಿಂಗ್ ಕೋಚ್ ಎಲ್ಲರಿಗೂ ಒಂದೊಂದು ಮಾತು ಇರುತ್ತದೆ. ಕೋಟಿಗಳಿಗೆ ಹರಾಜಾದ ವಿದೇಶಿ ಆಟಗಾರನಿಗೆ ಕವರ್ ಡ್ರೈವ್ ಕಲಿಸಬೇಕಿಲ್ಲ. ಅವನ ಜತೆ ಹೊಂದಿಕೊಂಡು ಹೋಗುವುದೇ ಅಲ್ಲಿನ ವಿದ್ಯೆ.

ಬಿಟ್ಟು ಹೋಗಲೇಬೇಕಾ?

ಅಮೆರಿಕದ ಕಾಲೇಜು ಕೋಚ್‌ಗೂ ನಮ್ಮ ರಣಜಿ ಕೋಚ್‌ಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಅಲ್ಲಿ ಕಾಲೇಜು ಫುಟ್‌ಬಾಲ್ ಮತ್ತು ವೃತ್ತಿಪರ ಎನ್‌ಎಫ್‌ಎಲ್ ಎರಡೂ ಒಂದೇ ಋತುವಿನಲ್ಲಿ ನಡೆಯುತ್ತವೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಲೇಬೇಕು. (ಅವರ ಫುಟ್‌ಬಾಲ್ ಎಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ, ನಮ್ಮ ಫುಟ್‌ಬಾಲ್ ಅಲ್ಲ.) ಇಲ್ಲಿ ರಣಜಿ ಮುಗಿಯುವ ಹೊತ್ತಿಗೆ ಐಪಿಎಲ್ ಶುರುವಾಗುತ್ತದೆ. ಹಾಗಾಗಿ ಪಂಡಿತ್ ಕೆಕೆಆರ್ ಸೇರಿದ ಮೇಲೂ ಮಧ್ಯಪ್ರದೇಶವನ್ನು ಬಿಡಲಿಲ್ಲ. 2023-24ರ ರಣಜಿ ಸೆಮಿಫೈನಲ್‌ನಲ್ಲಿ ತಮ್ಮ ಹಳೆಯ ತಂಡ ವಿದರ್ಭದ ಎದುರು ಸೋತ ಮಧ್ಯಪ್ರದೇಶಕ್ಕೂ ಅವರೇ ಕೋಚ್. ಅದಾದ ಮೂರು ತಿಂಗಳೊಳಗೆ ಐಪಿಎಲ್ ಕಪ್.

ಮಜುಂದಾರ್ ಬಳಿಕ ಮುಂಬೈ ಕೋಚ್ ಆದ ಓಂಕಾರ್ ಸಾಳ್ವಿ ಕೂಡ ಇದೇ ದಾರಿ ಹಿಡಿದರು. 2024ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ವಿದರ್ಭವನ್ನು ಸೋಲಿಸಿ ಮುಂಬೈ 42ನೇ ರಣಜಿ ಗೆದ್ದಾಗ ಅವರೇ ಕೋಚ್. ಆ ವರ್ಷ ನವೆಂಬರ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಅವರನ್ನು ಬೌಲಿಂಗ್ ಕೋಚ್ ಆಗಿ ನೇಮಿಸಿತು. ದೇಶೀಯ ಸೀಸನ್ ಮುಗಿಸಿಕೊಂಡು ಬನ್ನಿ ಎಂಬುದೇ ಒಪ್ಪಂದ. 2025ರ ಜೂನ್ 3ರಂದು ಆರ್‌ಸಿಬಿ 18 ವರ್ಷಗಳ ಕಾಯುವಿಕೆ ಮುಗಿಸಿದ ರಾತ್ರಿ ಡಗ್‌ಔಟ್‌ನಲ್ಲಿ ಈ ಮುಂಬೈಕರ್ ಕೂಡ ಇದ್ದರು.

ಆದರೆ ರಾಷ್ಟ್ರೀಯ ತಂಡದ ಕೋಚ್‌ಗೆ ಈ ಸೌಲಭ್ಯ ಇಲ್ಲ. ಅದನ್ನು ಎದುರಿಸಿದವರಲ್ಲಿ ಕನ್ನಡಿಗ ರಾಹುಲ್ ದ್ರಾವಿಡ್ ಒಬ್ಬರು.

ದ್ರಾವಿಡ್ ಮಾಡಿದ ಆಯ್ಕೆ

2015ರಲ್ಲಿ ಭಾರತ 'ಎ' ಮತ್ತು 19 ವರ್ಷದೊಳಗಿನವರ ತಂಡದ ಕೋಚ್ ಆದ ದ್ರಾವಿಡ್, ಜತೆಗೇ ಡೆಲ್ಲಿ ಡೇರ್‌ಡೆವಿಲ್ಸ್ ತಂಡದ ಮೆಂಟರ್ ಕೂಡ ಆಗಿದ್ದರು. 2017ರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಕ್ರಿಕೆಟ್ ಆಡಳಿತ ಸಮಿತಿಗೆ ರಾಜೀನಾಮೆ ಕೊಟ್ಟಾಗ ಹಿತಾಸಕ್ತಿ ಸಂಘರ್ಷದ ಪ್ರಶ್ನೆ ಎತ್ತಿದರು. ದೇಶದ ಕಿರಿಯರನ್ನು ತಿದ್ದುವವರು ಒಂದು ಫ್ರಾಂಚೈಸಿಯ ಸಂಬಳವನ್ನೂ ಪಡೆಯಬಹುದೇ? ಬಿಸಿಸಿಐ ಎರಡು ವರ್ಷಗಳ ಪೂರ್ಣಾವಧಿ ಒಪ್ಪಂದ ಮುಂದಿಟ್ಟಿತು. ದ್ರಾವಿಡ್ ಐಪಿಎಲ್ ಬಿಟ್ಟು ಹುಡುಗರ ತಂಡವನ್ನು ಆರಿಸಿಕೊಂಡರು.

2018ರ ಫೆಬ್ರುವರಿ 3ರಂದು ನ್ಯೂಜಿಲೆಂಡ್‌ನಲ್ಲಿ ಪೃಥ್ವಿ ಶಾ ನಾಯಕತ್ವದ ತಂಡ ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಸೋಲಿಸಿ ಕಿರಿಯರ ವಿಶ್ವಕಪ್ ಗೆದ್ದಿತು. ಬಹುಮಾನವಾಗಿ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಣೆಯಾದಾಗ, ಎಲ್ಲರಿಗೂ ಸಮಾನವಾಗಿ ಸಿಗಲಿ ಎಂದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷ ಎಂದಾಯಿತು.

ಗೆಲುವಿಗಿಂತ ಮುಖ್ಯವಾದ ಇನ್ನೊಂದು ಕೆಲಸವನ್ನೂ ಅವರು ಮಾಡಿದ್ದರು. ಒಬ್ಬ ಹುಡುಗ ಒಂದೇ ಕಿರಿಯರ ವಿಶ್ವಕಪ್ ಆಡಬೇಕು, ಉಳಿದದ್ದು ಬೇರೆಯವರಿಗೆ ಎಂಬ ನಿಯಮದ ಹಿಂದೆ ಇದ್ದವರು ಅವರೇ. ಕಪ್ ಗೆಲ್ಲುವುದಷ್ಟೇ ಗುರಿಯಾಗಿದ್ದರೆ ಅನುಭವಿ ಹುಡುಗರನ್ನು ಎರಡನೇ ಬಾರಿಗೂ ಆಡಿಸುವುದೇ ಲಾಭ. ವಯಸ್ಸು ಮುಚ್ಚಿಟ್ಟು ಆಡಿಸುವುದರ ವಿರುದ್ಧವೂ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಖಡಕ್ಕಾಗಿ ಮಾತನಾಡಿದ್ದರು. ಮಕ್ಕಳನ್ನು ಕೋಚಿಂಗ್‌ಗೆ ಕಳಿಸುವ ನವಿ ಮುಂಬೈನ ಅಪ್ಪ ಅಮ್ಮಂದಿರು ಟ್ರೋಫಿ ಪಟ್ಟಿಗಿಂತ ಮೊದಲು ಕೋಚ್ ಬಳಿ ಕೇಳಬೇಕಾದ್ದು ಇಂಥ ಸಂಗತಿ ಎನ್ನುವುದು ನಮ್ಮ ಅಭಿಪ್ರಾಯ.

ನಂತರ 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಮುಖ್ಯಸ್ಥ, 2021ರ ನವೆಂಬರ್‌ನಲ್ಲಿ ಹಿರಿಯರ ತಂಡದ ಕೋಚ್, 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್. ಅದೆಲ್ಲ ಆದ ಮೇಲೆ ಅದೇ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನ್ ರಾಯಲ್ಸ್ ಮುಖ್ಯ ಕೋಚ್ ಆದರು. ಒಂದೇ ಸೀಸನ್, ತಂಡಕ್ಕೆ ಒಂಬತ್ತನೇ ಸ್ಥಾನ. 2025ರ ಆಗಸ್ಟ್‌ನಲ್ಲಿ ಹೊರಬಂದರು.

ಅಮೆರಿಕದ ಕಥೆ

ನಿಕ್ ಸೇಬನ್ ಹೆಸರು ಅಲ್ಲಿ ಗಾದೆಯಂತಾಗಿದೆ. ಎಲ್‌ಎಸ್‌ಯು ವಿಶ್ವವಿದ್ಯಾಲಯವನ್ನು 2003ರ ಸೀಸನ್‌ನಲ್ಲಿ ಚಾಂಪಿಯನ್ ಮಾಡಿ 2005ರಲ್ಲಿ ಮಯಾಮಿ ಡಾಲ್ಫಿನ್ಸ್‌ಗೆ ಹೋದರು. ಎರಡು ಸೀಸನ್‌ನಲ್ಲಿ 15 ಗೆಲುವು, 17 ಸೋಲು. 2006ರ ಡಿಸೆಂಬರ್‌ನಲ್ಲಿ ತಾನು ಅಲಬಾಮಾ ಕೋಚ್ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ, ಎರಡು ವಾರದಲ್ಲಿ ಅಲಬಾಮಾ ಸೇರಿದರು. ಅಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದು 2024ರ ಜನವರಿಯಲ್ಲಿ ನಿವೃತ್ತರಾದರು. ಫ್ಲೋರಿಡಾ, ಒಹಾಯೊ ಸ್ಟೇಟ್‌ನಲ್ಲಿ ಗೆದ್ದ ಅರ್ಬನ್ ಮೇಯರ್ 2021ರಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್‌ನಲ್ಲಿ 13 ಪಂದ್ಯಕ್ಕೇ ಮನೆಗೆ ಹೋದರು. ಎಲ್ಲರೂ ಸೋತರು ಎಂದಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 2010ರಲ್ಲಿ ಸಿಯಾಟಲ್‌ಗೆ ಹೋದ ಪೀಟ್ ಕ್ಯಾರೊಲ್ 2014ರಲ್ಲಿ ಸೂಪರ್ ಬೌಲ್ ಗೆದ್ದರು. ಅವರು ಕಾಲೇಜಿಗೆ ಬರುವ ಮೊದಲೇ ಎನ್‌ಎಫ್‌ಎಲ್‌ನಲ್ಲಿ ಪಳಗಿದ್ದವರು ಎಂಬುದನ್ನು ಮರೆಯಬಾರದು. 2024ರ ಜನವರಿಯಲ್ಲಿ ಮಿಷಿಗನ್‌ಗೆ ಪ್ರಶಸ್ತಿ ತಂದು, ಅದೇ ತಿಂಗಳು ಲಾಸ್ ಏಂಜಲೀಸ್ ಚಾರ್ಜರ್ಸ್ ಸೇರಿದ ಜಿಮ್ ಹಾರ್ಬೊ ಕೂಡ ಹಾಗೆಯೇ.

ಮಜುಂದಾರ್ ಏಕೆ ಗೆದ್ದರು?

ಮಜುಂದಾರ್ ಹಾದಿ ಉಲ್ಟಾ. ಪ್ರಥಮ ದರ್ಜೆಯಲ್ಲಿ 11 ಸಾವಿರಕ್ಕೂ ಹೆಚ್ಚು ರನ್ ಗಳಿಸಿಯೂ ಭಾರತದ ಕ್ಯಾಪ್ ಸಿಗದ ಆಟಗಾರ ಅವರು. 1988ರಲ್ಲಿ ತೆಂಡೂಲ್ಕರ್ ಮತ್ತು ಕಾಂಬ್ಳಿ ಶಾಲಾ ಪಂದ್ಯದಲ್ಲಿ 664 ರನ್ ಜತೆಯಾಟ ಆಡುವಾಗ ಪ್ಯಾಡ್ ಕಟ್ಟಿಕೊಂಡು ಕಾದು ಕೂತಿದ್ದ ಹುಡುಗ ಇವರೇ. ರಾಜಸ್ಥಾನ್ ರಾಯಲ್ಸ್‌ನಲ್ಲಿ ಬ್ಯಾಟಿಂಗ್ ಕೋಚ್ ಆಗಿ ಐಪಿಎಲ್ ನೋಡಿಕೊಂಡು, 2021ರಲ್ಲಿ ಮುಂಬೈಗೆ ಬಂದರು. ಅಲ್ಲಿಂದ ಮಹಿಳಾ ತಂಡ.

ಆ ತಂಡದಲ್ಲಿ ಅವರಿಗೆ ಸಿಕ್ಕಿದ್ದು ಸಮಯ. ವಿಶ್ವಕಪ್‌ಗೆ ಮುನ್ನ ಎರಡು ವರ್ಷ. ಟೂರ್ನಿಯಲ್ಲಿ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡ್ ಎದುರು ಸತತ ಮೂರು ಪಂದ್ಯ ಸೋತಾಗಲೂ ಯಾರೂ ಅವರನ್ನು ಬದಲಿಸಲಿಲ್ಲ. ನೆರೂಳ್‌ನಲ್ಲೇ ನಡೆದ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ನೀಡಿದ 339 ರನ್ ಗುರಿಯನ್ನು ಜೆಮಿಮಾ ರಾಡ್ರಿಗಸ್ ಅವರ ಅಜೇಯ 127 ರನ್‌ಗಳ ಬಲದಿಂದ ಮುಟ್ಟಿದರು. ಫೈನಲ್‌ನಲ್ಲಿ ಶಫಾಲಿ ವರ್ಮಾ 87, ದೀಪ್ತಿ ಶರ್ಮಾ 58 ರನ್ ಮತ್ತು 5 ವಿಕೆಟ್. ರಣಜಿ ಕೋಚ್‌ನ ಕೌಶಲ ಹೆಚ್ಚು ಉಪಯೋಗಕ್ಕೆ ಬರುವುದು ಇಂಥ ಕಡೆ, ಹರಾಜಿನ ತಂಡದಲ್ಲಿ ಅಲ್ಲ ಎಂದು ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟಾಗ ಅನಿಸುತ್ತದೆ.

ಕರ್ನಾಟಕದವರು ಎಲ್ಲಿದ್ದಾರೆ?

2013-14 ಮತ್ತು 2014-15ರಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಸತತ ಎರಡು ಬಾರಿ ಗೆದ್ದಾಗ ಕೋಚ್ ಆಗಿದ್ದವರು ಜೆ. ಅರುಣ್ ಕುಮಾರ್. ಬಳಿಕ ಅವರು ಕಿಂಗ್ಸ್ ಇಲೆವೆನ್ ಪಂಜಾಬ್ ಬ್ಯಾಟಿಂಗ್ ಕೋಚ್ ಆದರು, 2020ರಲ್ಲಿ ಅಮೆರಿಕ ರಾಷ್ಟ್ರೀಯ ತಂಡದ ಕೋಚ್ ಆದರು, ಮುಂಬೈ ಇಂಡಿಯನ್ಸ್‌ನಲ್ಲೂ ಕೆಲಸ ಮಾಡಿದರು. ಐಪಿಎಲ್‌ನಲ್ಲಿ ಮುಖ್ಯ ಕೋಚ್ ಹುದ್ದೆ ಅವರಿಗೆ ಸಿಗಲಿಲ್ಲ.

ಕಬಡ್ಡಿಯಲ್ಲಿ ಚಿತ್ರ ಬೇರೆ. ಕರ್ನಾಟಕದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆಲ್ಲಿಸಿದರು. 2025ರ ಸೀಸನ್‌ಗೆ ಬೆಂಗಳೂರು ಬುಲ್ಸ್ ಅವರನ್ನು ಮುಖ್ಯ ಕೋಚ್ ಆಗಿ ಕರೆಸಿಕೊಂಡಿತು.