ಜನಗಣತಿಯ ಅಂಕೆಗಳೂ ವೇಣೂರಿನ ಅಜಿಲರ ಮನೆತನವೂ

ಬಸದಿಯ ಜೀರ್ಣೋದ್ಧಾರವಾಗಿ ಬಿಂಬಪ್ರತಿಷ್ಠೆ ನೆರವೇರುವ ಶುಭಾವಸರದಲ್ಲಿ ಊರಿನ ಹಿರಿಯ ಮನೆತನಗಳ ನೆನಪು ಎಲ್ಲರ ಮನಸ್ಸಿನಲ್ಲಿಯೂ ಮೂಡುವುದು ಸಹಜ. ಈ ಬಸದಿಯನ್ನು ಕಟ್ಟಿಸಿದವರು ಯಾರು, ಅಮೃತಪಡಿಗೆ ಗದ್ದೆ ಬಿಟ್ಟವರು ಯಾರು, ಅವರ ಸಂತತಿಯವರು ಈಗ ಎಲ್ಲಿದ್ದಾರೆ ಎಂದು ಹಿರಿಯರು ಮಾತಾಡಿಕೊಳ್ಳುತ್ತಾರೆ. ಆಗ ಓದುಬರಹ ಬಲ್ಲ ಕಿರಿಯರು ಒಂದು ಪ್ರಶ್ನೆಯನ್ನು ಕೇಳುವುದುಂಟು: "ಸರಕಾರದವರು ನೂರೈವತ್ತು ವರ್ಷಗಳಿಂದ ಜನಗಣತಿ ಮಾಡುತ್ತಿದ್ದಾರಲ್ಲ, ಆ ಹಳೆಯ ಪುಸ್ತಕಗಳಲ್ಲಿ ಹುಡುಕಿದರೆ ನಮ್ಮ ಮನೆತನದ ಚರಿತ್ರೆ ದೊರೆಯಲಾರದೇ?"

ಪ್ರಶ್ನೆ ಯೋಗ್ಯವಾದುದೇ. ಇಂಗ್ಲೆಂಡಿನಲ್ಲಿ ಜನಗಣತಿಯ ಮನೆವಾರು ಹಾಳೆಗಳನ್ನು ನೂರು ವರ್ಷಗಳ ತರುವಾಯ ಸಾರ್ವಜನಿಕರಿಗೆ ತೋರಿಸುವ ಪದ್ಧತಿಯಿದೆ. 1921ರ ಗಣತಿಯ ಹಾಳೆಗಳು 2022ರಲ್ಲಿ ಅಲ್ಲಿಯ ಜನರ ಕೈಗೆ ಬಂದವು. ಮುತ್ತಜ್ಜನ ಹೆಸರು, ವಯಸ್ಸು, ಕಸಬು, ಹುಟ್ಟಿದ ಊರು ಎಲ್ಲವನ್ನೂ ಅವರು ಒಂದೇ ಹಾಳೆಯಲ್ಲಿ ಓದಬಲ್ಲರು. ನಮ್ಮಲ್ಲಿ ಪರಿಸ್ಥಿತಿ ಬೇರೆ. ಅದು ಹೇಗೆ ಬೇರೆ, ಹಾಗಾದರೆ ನಮ್ಮ ಮನೆತನಗಳ ಚರಿತ್ರೆಯನ್ನು ಎಲ್ಲಿ ಅರಸಬೇಕು ಎಂಬುದನ್ನು ತುಳುನಾಡಿನ ಶ್ರಾವಕರೆಲ್ಲರಿಗೂ ಪರಿಚಿತವಾದ ವೇಣೂರಿನ ಅಜಿಲ ಅರಸುಮನೆತನವನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಉಳಿದದ್ದು ಮೊತ್ತ ಮಾತ್ರ

ಮನೆಗಳನ್ನು ಎಣಿಸುವ ಕ್ರಮಕ್ಕೆ ನಮ್ಮ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದರು. ಈ ವಿದ್ಯೆ ಆಂಗ್ಲರಿಂದಲೇ ಬಂದುದೆಂದು ತಿಳಿಯಬೇಕಾಗಿಲ್ಲ. ಹದಿನೇಳನೆಯ ಶತಮಾನದಲ್ಲಿ ಜೋಧಪುರದ ಮಹಾರಾಜ ಜಸವಂತಸಿಂಹನ ದಿವಾನನಾಗಿದ್ದ ಮುಹಣೋತ ನೈಣಸಿ ಎಂಬ ಓಸವಾಲ ಜೈನನು ಮಾರವಾಡದ ಪರಗಣೆಗಳ ಊರು, ಕೆರೆ, ಬಾವಿ, ಕಂದಾಯ ಹಾಗೂ ಜಾತಿವಾರು ಮನೆಗಳ ಲೆಕ್ಕವನ್ನು ತೆಗೆಸಿ ದೊಡ್ಡ ಗ್ರಂಥವನ್ನೇ ಬರೆಯಿಸಿದನು. ಲೆಕ್ಕಪತ್ರದಲ್ಲಿ ನಮ್ಮ ಸಮಾಜದವರ ಶ್ರದ್ಧೆಗೆ ಅದೊಂದು ಸಾಕ್ಷಿ.

ಬ್ರಿಟಿಷ್ ಆಡಳಿತದಲ್ಲಿ ಮದ್ರಾಸ್ ಪ್ರಾಂತ ಮತ್ತು ಮೈಸೂರು ಸಂಸ್ಥಾನಗಳಲ್ಲಿ 1871ರಲ್ಲಿ ಗಣತಿ ನಡೆಯಿತು. ದೇಶದಾದ್ಯಂತ ಏಕಕಾಲಕ್ಕೆ ನಡೆದ ಮೊದಲ ಗಣತಿ 1881ರ ಫೆಬ್ರುವರಿ 17ರದು. ಅಂದು ಮನೆಮನೆಗೆ ಬಂದ ಗಣತಿದಾರನು ಪ್ರತಿಯೊಬ್ಬರ ವಿವರವನ್ನೂ ಬರೆದುಕೊಂಡದ್ದು ನಿಜ. 1901ರಿಂದ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಬರೆದು, ಚೀಟಿಗಳನ್ನು ವಿಂಗಡಿಸಿ ಎಣಿಸುವ ಕ್ರಮವೂ ಬಂತು. ಆದರೆ ಮೊತ್ತ ಕೂಡಿಸಿ ಕೋಷ್ಟಕಗಳನ್ನು ಮುದ್ರಿಸಿದ ಮೇಲೆ ಮನೆವಾರು ಹಾಳೆಗಳನ್ನೂ ಚೀಟಿಗಳನ್ನೂ ಇಟ್ಟುಕೊಳ್ಳದೆ ನಾಶಮಾಡಿದರು. ಸ್ವತಂತ್ರ ಭಾರತದ 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನಂತೆ ಗಣತಿಯ ಮೂಲ ದಾಖಲೆಗಳನ್ನು ಯಾರೂ ಪರಿಶೀಲಿಸುವಂತಿಲ್ಲ.

ವ್ಯಾಪಾರಿಗಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಂಗಡಿಯ ವರ್ಷಾಂತ್ಯದ ಅಢಾವೆ ಪತ್ರಿಕೆ ಮಾತ್ರ ಉಳಿದು ದಿನವಹಿ, ಖಾತೆ ಪುಸ್ತಕಗಳೆಲ್ಲ ಸುಟ್ಟುಹೋದರೆ ಹೇಗೋ ಹಾಗೆ. ಒಟ್ಟು ವಹಿವಾಟು ಎಷ್ಟೆಂದು ಗೊತ್ತಾಗುತ್ತದೆ. ಯಾರು ಕೊಟ್ಟರು, ಯಾರು ಕೊಂಡರು ಎಂಬುದು ಗೊತ್ತಾಗುವುದಿಲ್ಲ. ಅಜಿಲರ ಮನೆಯವರೂ ಪ್ರತಿ ಗಣತಿಯಲ್ಲಿಯೂ ಎಣಿಕೆಗೆ ಬಂದಿರಲೇಬೇಕು. ಆದರೆ ಮುದ್ರಿತ ಸಂಪುಟಗಳಲ್ಲಿ ಅವರು ದಕ್ಷಿಣ ಕನ್ನಡ ಜಿಲ್ಲೆಯ 'ಜೈನರು' ಎಂಬ ಒಂದು ಅಂಕೆಯೊಳಗೆ ಸೇರಿಹೋಗಿದ್ದಾರೆ.

ಅಂಕೆಗಳು ಹೇಳುವ ಮಾತು

ಹಾಗೆಂದು ಆ ಸಂಪುಟಗಳು ನಿರುಪಯುಕ್ತವೆನ್ನಲಾಗದು. ಒಂದು ಮನೆತನವು ಎಂತಹ ಕಾಲದಲ್ಲಿ ಬಾಳಿತು ಎಂಬುದನ್ನು ಅವು ತಿಳಿಸುತ್ತವೆ. 1891ರಲ್ಲಿ ಭಾರತದ ಜೈನರ ಸಂಖ್ಯೆ 14 ಲಕ್ಷಕ್ಕೂ ಮಿಕ್ಕಿತ್ತು. 1921ರ ವೇಳೆಗೆ ಅದು 12 ಲಕ್ಷದೊಳಗೆ ಇಳಿಯಿತು. 1896ರಿಂದ ಹಬ್ಬಿದ ಪ್ಲೇಗು, 1899-1900ರ ಕ್ಷಾಮ, 1918ರ ಇನ್‌ಫ್ಲುಯೆಂಜಾ ಇವು ಆ ಮೂವತ್ತು ವರ್ಷಗಳ ವಿಪತ್ತುಗಳು. ಇವುಗಳ ಜೊತೆಗೆ ಮತ್ತೊಂದು ಕಾರಣವೂ ಇತ್ತು. ಧರ್ಮವನ್ನು ಕೇಳಿದಾಗ ನಮ್ಮವರಲ್ಲಿ ಅನೇಕರು ಜಾತಿಯ ಹೆಸರನ್ನಷ್ಟೇ ಹೇಳಿದುದರಿಂದ ಗಣತಿದಾರರು ಅವರನ್ನು ಹಿಂದೂಗಳೆಂದು ಬರೆದುಕೊಂಡರು. ಡಾ. ವಿಲಾಸ ಸಂಗವೆಯವರು 1959ರಲ್ಲಿ ಪ್ರಕಟಿಸಿದ ಜೈನ ಸಮಾಜದ ಅಧ್ಯಯನದಲ್ಲಿ ಈ ಅಂಕೆಗಳ ಏರಿಳಿತವನ್ನು ಕೂಲಂಕಷವಾಗಿ ವಿಮರ್ಶಿಸಿದ್ದಾರೆ. 2011ರ ಗಣತಿಯಂತೆ ದೇಶದಲ್ಲಿ ಜೈನರು 44,51,753 ಮಂದಿ. ಕರ್ನಾಟಕದಲ್ಲಿ 4,40,280 ಮಂದಿ.

ಅಂಕೆಗಳನ್ನು ಹೋಲಿಸುವಾಗ ಎಚ್ಚರಿಕೆಯೂ ಅವಶ್ಯಕ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿನ ಸಂಪುಟಗಳಲ್ಲಿದೆ. ಆ ವರ್ಷ ಕಾಸರಗೋಡು ಕೇರಳಕ್ಕೆ ಹೋಯಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಕಾರ್ಕಳವು ಅದರೊಂದಿಗೆ ಹೋಯಿತು, ಮೂಡಬಿದಿರೆ, ವೇಣೂರುಗಳು ದಕ್ಷಿಣ ಕನ್ನಡದಲ್ಲಿಯೇ ಉಳಿದವು. ಗಡಿ ಬದಲಾದುದನ್ನು ಗಮನಿಸದೆ ಜಿಲ್ಲೆಯ ಜೈನರು ಕಡಿಮೆಯಾದರೆಂದು ಹೇಳಿದರೆ ಅದು ತಪ್ಪಾಗುತ್ತದೆ. ಜಾತಿಯ ಕೋಷ್ಟಕದಲ್ಲಿ ಇನ್ನೊಂದು ತೊಡಕಿದೆ. ಅಂದಿನ ಅಧಿಕಾರಿಗಳು ಬಂಟರ ಒಳಪಂಗಡಗಳಲ್ಲಿ 'ಜೈನ ಬಂಟ' ಎಂಬುದನ್ನೂ ಎಣಿಸಿದ್ದಾರೆ. ಆದುದರಿಂದ ತುಳುನಾಡಿನ ಜೈನ ಭೂಹಿಡುವಳಿದಾರರನ್ನು ಅರಸುವವರು ಧರ್ಮದ ಕೋಷ್ಟಕ, ಜಾತಿಯ ಕೋಷ್ಟಕ ಎರಡನ್ನೂ ನೋಡತಕ್ಕದ್ದು.

ವೇಣೂರಿನ ಶಿಲೆಯ ಸಾಕ್ಷ್ಯ

ಗಣತಿಯ ಪುಸ್ತಕದಲ್ಲಿ ಸಿಗದ ಹೆಸರುಗಳು ಅದಕ್ಕಿಂತ ಮುನ್ನೂರು ವರ್ಷ ಹಿಂದಿನ ಕಲ್ಲಿನಲ್ಲಿ ಸಿಗುತ್ತವೆ. ಫಲ್ಗುಣಿ ನದಿಯ ದಡದ ವೇಣೂರಿನಲ್ಲಿ 35 ಅಡಿ ಎತ್ತರದ ಭಗವಾನ್ ಬಾಹುಬಲಿಯ ಬಿಂಬವನ್ನು ಪ್ರತಿಷ್ಠಾಪಿಸಿದವನು ತಿಮ್ಮರಾಜ. ನಾಲ್ಕನೆಯ ವೀರ ತಿಮ್ಮಣ್ಣ ಅಜಿಲನೆಂದು ಪ್ರಸಿದ್ಧನಾದವನು. ಬಿಂಬದ ಇಕ್ಕೆಲಗಳಲ್ಲಿರುವ ಶಾಸನಗಳನ್ನು ಹುಲ್ಟ್ಜ್ ಎಂಬ ವಿದ್ವಾಂಸರು ಎಪಿಗ್ರಾಫಿಯಾ ಇಂಡಿಕಾದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಪ್ರತಿಷ್ಠೆ ನಡೆದುದು ಶಕವರ್ಷ 1525ರ ಶೋಭಕೃತು ಸಂವತ್ಸರದ ಫಾಲ್ಗುಣ ಶುದ್ಧ ದಶಮಿ, ಗುರುವಾರ. ಅಂದರೆ 1604ರ ಮಾರ್ಚ್ 1. ಬೆಳ್ಗೊಳದ ಚಾರುಕೀರ್ತಿ ಸ್ವಾಮಿಗಳ ಉಪದೇಶದಂತೆ ಇದು ನೆರವೇರಿತೆಂದೂ ತಿಮ್ಮರಾಜನು ಚಾಮುಂಡನ ವಂಶದವನೆಂದೂ ಶಾಸನದಿಂದ ತಿಳಿಯುತ್ತದೆ.

ನಾವು ಮುಖ್ಯವಾಗಿ ಗಮನಿಸಬೇಕಾದುದು ಶಾಸನವು ತಿಮ್ಮರಾಜನನ್ನು ಪರಿಚಯಿಸುವ ರೀತಿ. ಅವನು ರಾಯಕುವರನ ಅಳಿಯ, ರಾಣಿ ಪಾಂಡ್ಯಕದೇವಿಯ ಮಗ, ಪಾಂಡ್ಯರಾಜನ ತಮ್ಮ. ಮಾವ, ತಾಯಿ, ಅಣ್ಣ ಈ ಮೂವರ ಹೆಸರುಗಳನ್ನು ಹೇಳುವಲ್ಲಿ ತಂದೆಯ ಹೆಸರಿಲ್ಲ. ತುಳುನಾಡಿನ ಹೊರಗಿನವರು ಇದನ್ನು ನೋಡಿ ಆಶ್ಚರ್ಯಪಟ್ಟಾರು. ಅಳಿಯಸಂತಾನದ ಕಟ್ಟನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಪಟ್ಟವು ಮಾವನಿಂದ ಸೋದರಳಿಯನಿಗೆ ಬರುವಾಗ ಹಕ್ಕಿನ ಸಾಕ್ಷಿಯಾಗಿ ನಿಲ್ಲುವವಳು ತಾಯಿ. ಒಂದೇ ವಾಕ್ಯದೊಳಗೆ ಆ ಮನೆತನದ ಎರಡು ತಲೆಮಾರುಗಳು, ಅದರ ದಾಯಕ್ರಮ, ಅದರ ಗುರುಪೀಠ, ತಿಥಿವಾರಗಳು ನಮಗೆ ಸಿಕ್ಕಿವೆ. ಹತ್ತು ಗಣತಿಗಳ ಸಂಪುಟಗಳು ಕೊಡಲಾರದುದನ್ನು ಒಂದು ಪ್ರತಿಷ್ಠಾ ಶಾಸನವು ಕೊಟ್ಟಿದೆ.

ವಂಶವೃಕ್ಷ ಬರೆಯುವವರಿಗೆ ಇಲ್ಲಿಯೇ ಒಂದು ಪಾಠವಿದೆ. ತುಳುನಾಡಿನ ಜೈನ ಮನೆತನಗಳ ಚರಿತ್ರೆಯನ್ನು ತಂದೆಯಿಂದ ತಂದೆಗೆ ಹಿಂದಕ್ಕೆ ಹುಡುಕುತ್ತ ಹೋದರೆ ದಾರಿ ತಪ್ಪುತ್ತದೆ. ಬಳಿಯನ್ನು ತಾಯಿಯಿಂದ, ಕವರನ್ನು ಹೆಣ್ಣುಸಂತತಿಯಿಂದ ಎಣಿಸಬೇಕು. ಅರಸುಮನೆಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುವುದರಿಂದ ಹೆಸರೊಂದನ್ನೇ ನಂಬುವಂತಿಲ್ಲ. ತಿಮ್ಮಣ್ಣನೆಂಬ ಹೆಸರಿಗೆ 'ನಾಲ್ಕನೆಯ' ಎಂದು ಸೇರಿಸಬೇಕಾಗಿ ಬಂದುದೇ ಇದಕ್ಕೆ ನಿದರ್ಶನ. ಎರಡು ದಾಖಲೆಗಳಲ್ಲಿ ಒಂದೇ ಹೆಸರು ಕಂಡರೆ ತಾಯಿಯ ಹೆಸರು, ಸ್ಥಳ, ಸಂವತ್ಸರ ಈ ಮೂರೂ ತಾಳೆಯಾಗುವವರೆಗೆ ಒಬ್ಬನೇ ವ್ಯಕ್ತಿಯೆಂದು ತೀರ್ಮಾನಿಸಬಾರದು.

ಕಾರ್ಕಳದ ಭೈರರಸನು ವೇಣೂರಿನಲ್ಲಿ ಬಿಂಬ ನಿಲ್ಲುವುದನ್ನು ವಿರೋಧಿಸಿದನೆಂದೂ ತಿಮ್ಮಣ್ಣನು ಬಿಂಬವನ್ನು ನದಿಯ ಮರಳಿನಲ್ಲಿ ಅಡಗಿಸಿ ಕಾಪಾಡಿದನೆಂದೂ ಹಿರಿಯರು ಹೇಳುವ ಕಥೆ ಎಲ್ಲರಿಗೂ ಗೊತ್ತು. ಅದನ್ನು ಐತಿಹ್ಯವೆಂದೇ ಬರೆದಿಡಬೇಕು. ಶಾಸನದ ಮಾತಿನೊಂದಿಗೆ ಬೆರಸಬಾರದು. ಎರಡಕ್ಕೂ ಬೆಲೆಯಿದೆ. ಬೇರೆ ಬೇರೆಯಾಗಿ ಇಟ್ಟಾಗ ಮಾತ್ರ ಆ ಬೆಲೆ ಉಳಿಯುತ್ತದೆ.

ಶಿಲೆಯಿಂದ ಕಡತಕ್ಕೆ

1604ರ ಶಾಸನಕ್ಕೂ 1881ರ ಗಣತಿಗೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ಈ ಅವಧಿಯಲ್ಲಿ ಕೆಳದಿಯ ನಾಯಕರು ತುಳುನಾಡಿನ ಅರಸರನ್ನು ಅಧೀನಪಡಿಸಿಕೊಂಡರು. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿತು. 1799ರಲ್ಲಿ ಟಿಪ್ಪುವಿನ ಪತನದ ತರುವಾಯ ಕನ್ನಡ ಜಿಲ್ಲೆ ಕಂಪೆನಿಯ ಆಡಳಿತಕ್ಕೆ ಬಂತು. ಅಜಿಲರ ಅರಸೊತ್ತಿಗೆ ಹೋದರೂ ಮನೆತನ ಉಳಿಯಿತು; ಅಳದಂಗಡಿಯ ಅರಮನೆ ಇಂದಿಗೂ ಅದರ ನೆಲೆ. ಈ ನಡುಗಾಲದ ಕೊಂಡಿಗಳನ್ನು ಕೂಡಿಸಲು ಮೂರು ಬಗೆಯ ಆಕರಗಳಿವೆ.

ಮೊದಲನೆಯದು ಪ್ರವಾಸಿಗಳ ಮತ್ತು ಅಧಿಕಾರಿಗಳ ಬರಹಗಳು. ಫ್ರಾನ್ಸಿಸ್ ಬುಕಾನನ್ ಎಂಬವರು 1801ರಲ್ಲಿ ವೇಣೂರು, ಮೂಡಬಿದಿರೆ, ಕಾರ್ಕಳಗಳಲ್ಲಿ ಸಂಚರಿಸಿ ಜೈನರನ್ನೂ ಬಸದಿಗಳನ್ನೂ ಕುರಿತು ವಿವರವಾಗಿ ಬರೆದರು. ಅದು 1807ರಲ್ಲಿ ಮುದ್ರಣವಾಯಿತು. 1894-95ರಲ್ಲಿ ಸ್ಟರಾಕ್ ಮತ್ತು ಸ್ಟುವರ್ಟ್ ಎಂಬ ಅಧಿಕಾರಿಗಳು ಸಿದ್ಧಪಡಿಸಿದ ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿಯಲ್ಲಿಯೂ ಅರಸುಮನೆತನಗಳ ವೃತ್ತಾಂತವಿದೆ. ಸ್ಟುವರ್ಟರೇ 1891ರ ಮದ್ರಾಸ್ ಗಣತಿಯ ಮುಖ್ಯಾಧಿಕಾರಿಯೂ ಆಗಿದ್ದುದರಿಂದ ಗಣತಿಯ ವರದಿಯನ್ನೂ ಕೈಪಿಡಿಯನ್ನೂ ಜೊತೆಯಾಗಿ ಓದುವುದು ಲಾಭಕರ.

ಎರಡನೆಯದು ಭೂಮಿಯ ದಾಖಲೆಗಳು. ವರ್ಗದ ಲೆಕ್ಕ, ಮೂಲಗೇಣಿ ಚೀಟಿ, ಚಾಲಗೇಣಿ ಚೀಟಿ, ಅಡವುಪತ್ರ, ಪಾಲುಪಟ್ಟಿ ಇವುಗಳಲ್ಲಿ ಯಜಮಾನನ ಅಥವಾ ಯಜಮಾನ್ತಿಯ ಹೆಸರು, ಮನೆಯ ಹೆಸರು, ಸಾಕ್ಷಿಗಳ ಹೆಸರು ಇರುತ್ತದೆ. ಉಪನೋಂದಣಾಧಿಕಾರಿಗಳ ಕಛೇರಿಯ ಸೂಚಿಗಳಲ್ಲಿ ಒಂದನೆಯದು ವ್ಯಕ್ತಿಗಳ ಹೆಸರಿನಂತೆ, ಎರಡನೆಯದು ಆಸ್ತಿಯಂತೆ ಬರೆದವು. ಹೆಸರು ಗೊತ್ತಿದ್ದರೆ ಒಂದನೆಯದರಿಂದ, ಜಾಗ ಮಾತ್ರ ಗೊತ್ತಿದ್ದರೆ ಎರಡನೆಯದರಿಂದ ಹುಡುಕಬಹುದು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟ ಮೇಲೆ ನಡೆದ ಪಾಲುದಾವೆಗಳಲ್ಲಿ ವಂಶಾವಳಿಯನ್ನು ನ್ಯಾಯಾಲಯದ ಮುಂದಿಡಲೇಬೇಕಾಗಿತ್ತು. ಮನೆಯೊಡೆದ ದುಃಖದ ಕಾಗದಗಳೇ ಇಂದು ಮನೆತನದ ಅತ್ಯಂತ ವಿಶ್ವಾಸಾರ್ಹ ವಂಶವೃಕ್ಷಗಳಾಗಿವೆ.

ಮೂರನೆಯದು ಬಸದಿಯ ಸ್ವಂತ ದಾಖಲೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿದ ಕಡತದಲ್ಲಿ ಬಳಪದಿಂದ ಬರೆದ ಜಮಾಖರ್ಚು, ತಸ್ತೀಕಿನ ರಶೀದಿಗಳು, ಮೊಕ್ತೇಸರರ ನೇಮಕದ ಆದೇಶಗಳು, ಪುರೋಹಿತರಾದ ಇಂದ್ರರ ಮನೆಯ ತಾಳೆಗರಿಗಳು ಇವೆಲ್ಲ ಇದರಲ್ಲಿ ಸೇರುತ್ತವೆ. ಯಾವ ಮನೆಯಿಂದ ಯಾವ ಹಬ್ಬಕ್ಕೆ ಎಷ್ಟು ಅಕ್ಕಿ, ಎಷ್ಟು ಎಣ್ಣೆ ಸಲ್ಲುತ್ತಿತ್ತು ಎಂಬ ಒಂದು ಸಾಲು ಆ ಮನೆ ಆ ವರ್ಷ ಊರಿನಲ್ಲಿತ್ತು ಎಂಬುದಕ್ಕೆ ಸಾಕ್ಷಿ. ಆ ಸಾಲು ನಿಂತ ವರ್ಷ ಅಲ್ಲಿ ಏನೋ ನಡೆಯಿತೆಂಬುದಕ್ಕೂ ಸಾಕ್ಷಿ.

ಕಣ್ಮರೆಯಾಗುತ್ತಿರುವ ಸಾಕ್ಷ್ಯ

ವಿಷಾದದ ಸಂಗತಿಯೆಂದರೆ ಈ ಎರಡನೆಯ, ಮೂರನೆಯ ಬಗೆಯ ಆಕರಗಳು ಕಣ್ಣೆದುರಿಗೇ ಕಡಿಮೆಯಾಗುತ್ತಿವೆ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಭೂಮಿ ಉಳುವವರಿಗೆ ಸಂದಿತು. ಭೂನ್ಯಾಯ ಮಂಡಳಿಯ ತೀರ್ಪುಗಳಾದ ಮೇಲೆ ಹಳೆಯ ಗೇಣಿಚೀಟಿಗಳಿಂದ ಇನ್ನೇನು ಪ್ರಯೋಜನವೆಂದು ಅನೇಕ ಮನೆಗಳಲ್ಲಿ ಕಟ್ಟುಗಟ್ಟಲೆ ಕಾಗದಗಳನ್ನು ಒಲೆಗೆ ಹಾಕಿದರು. ಅಟ್ಟದಲ್ಲಿ ಉಳಿದವು ಗೆದ್ದಲಿಗೆ ಆಹಾರವಾದವು. ಹಳೆಯ ಗುತ್ತುಮನೆಯನ್ನು ಕೆಡಹುವಾಗ ಮರಮಟ್ಟುಗಳಿಗೆ ಬೆಲೆ ಕಟ್ಟಿದವರು ಕಡತಗಳಿಗೆ ಬೆಲೆ ಕಟ್ಟಲಿಲ್ಲ. ಕಾನೂನಿನ ಕಣ್ಣಿನಲ್ಲಿ ಬೆಲೆ ಕಳೆದುಕೊಂಡ ಕಾಗದವು ಚರಿತ್ರೆಯ ಕಣ್ಣಿನಲ್ಲಿ ಅಮೂಲ್ಯವಾಗುತ್ತದೆಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ವೇಣೂರಿನ ಶಿಲ್ಪಿ ಕಲ್ಲಿನಲ್ಲಿ ಕೊರೆದ ಶಾಸನವು ದಾನಿಯ ತಾಯಿ, ಮಾವ, ಅಣ್ಣ, ಗುರು, ತಿಥಿ ಎಲ್ಲವನ್ನೂ ಹೇಳಿತು. ಇಂದು ನಾವು ಬಸದಿಗಳಲ್ಲಿ ಹಾಕಿಸುವ ಅಮೃತಶಿಲೆಯ ಫಲಕದಲ್ಲಿ ಹೆಸರು ಮತ್ತು ಮೊಬಲಗು ಇಷ್ಟೇ ಇರುತ್ತದೆ. ಹೆಸರಿನ ಮುಂದೆ ಎರಡು ಇನಿಷಿಯಲ್ ಇದ್ದರೆ ಹೆಚ್ಚು. ಮುನ್ನೂರು ವರ್ಷಗಳ ತರುವಾಯ ಅದನ್ನು ಓದುವವನಿಗೆ ಹಣದ ಅಂಕೆ ತಿಳಿಯುತ್ತದೆ, ಮನೆ ತಿಳಿಯುವುದಿಲ್ಲ. ಜನಗಣತಿಯ ಕೋಷ್ಟಕದಲ್ಲಿರುವ ಕೊರತೆಯನ್ನೇ ನಾವು ನಮ್ಮ ಕೈಯಾರೆ ಕಲ್ಲಿಗೂ ತಂದಿದ್ದೇವೆ.

ಆದುದರಿಂದ ಈ ಪ್ರತಿಷ್ಠಾ ಮಹೋತ್ಸವದ ಸಂದರ್ಭದಲ್ಲಿ ಸಮಾಜಬಾಂಧವರಲ್ಲಿ ಮೂರು ವಿಜ್ಞಾಪನೆಗಳು. ಮೊದಲಾಗಿ, ಬಸದಿಯಲ್ಲಿ ಮನೆತನಗಳ ಒಂದು ಪುಸ್ತಕವನ್ನು ತೆರೆಯೋಣ. ಪ್ರತಿ ಮನೆಗೆ ಒಂದು ಪುಟ. ಅದರಲ್ಲಿ ಮನೆಯ ಹೆಸರು, ಬಳಿ, ತಾಯಿಯ ಮನೆ, ಬಂದು ನೆಲಸಿದ ಕಾಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಊರು ಇರಲಿ. ಮುಂಬಯಿ, ಬೆಂಗಳೂರು ಸೇರಿದವರೂ ತಮ್ಮ ಪುಟವನ್ನು ಬರೆದು ಕಳುಹಿಸಲಿ. ಎರಡನೆಯದಾಗಿ, ಅಟ್ಟದಲ್ಲಿರುವ ಕಡತ, ತಾಳೆಗರಿ, ಚೀಟಿಗಳನ್ನು ಎಸೆಯುವ ಮುನ್ನ ಬಲ್ಲವರಿಗೆ ತೋರಿಸೋಣ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಡವಾಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಸಮಾಜ ನಮ್ಮದು. ಮನೆಯ ನಾಲ್ಕು ಕಾಗದಗಳನ್ನು ಕಾಪಾಡುವುದು ನಮಗೆ ಅಸಾಧ್ಯವೇ?

ಮೂರನೆಯದು ಜನಗಣತಿಗೆ ಸಂಬಂಧಿಸಿದ್ದು. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಗಣನೆಯ ದಿನವಾಗಿ ನಿಗದಿಪಡಿಸಿ 2025ರ ಜೂನ್ ತಿಂಗಳಿನಲ್ಲಿ ಕೇಂದ್ರ ಸರಕಾರವು ಅಧಿಸೂಚನೆ ಹೊರಡಿಸಿತು. ಅದರಲ್ಲಿ ಜಾತಿಯ ವಿವರವನ್ನೂ ಸೇರಿಸಲು ನಿರ್ಧರಿಸಿತು. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ದೊರೆತ ಬಳಿಕ ಈ ಅಂಕೆಗಳ ಮಹತ್ವ ಹೆಚ್ಚಾಗಿದೆ. ಧರ್ಮದ ಕಲಮಿನಲ್ಲಿ 'ಜೈನ' ಎಂದು ಸ್ಪಷ್ಟವಾಗಿ ಬರೆಯಿಸುವುದು ಪ್ರತಿ ಮನೆಯ ಹಿರಿಯರ ಹೊಣೆ. ಅಂದು ಕೊಟ್ಟ ವಿವರಗಳ ಒಂದು ಪ್ರತಿಯನ್ನು ನಮ್ಮ ಕೈಯಲ್ಲೇ ಬರೆದು ಮನೆಯಲ್ಲಿಟ್ಟುಕೊಳ್ಳೋಣ. ಸರಕಾರ ಮೊತ್ತವನ್ನು ಇಟ್ಟುಕೊಳ್ಳಲಿ, ಹೆಸರುಗಳನ್ನು ನಾವು ಇಟ್ಟುಕೊಳ್ಳೋಣ.

ವೇಣೂರಿನಲ್ಲಿ 2012ರಲ್ಲಿಯೂ 2024ರಲ್ಲಿಯೂ ಮಹಾಮಸ್ತಕಾಭಿಷೇಕ ನೆರವೇರಿದಾಗ ಲಕ್ಷಾಂತರ ಕಣ್ಣುಗಳು ಆ ಬಿಂಬವನ್ನು ದರ್ಶಿಸಿದವು. ಬಿಂಬದ ಬದಿಯಲ್ಲಿರುವ ಅಕ್ಷರಗಳಲ್ಲಿ ಪಾಂಡ್ಯಕದೇವಿ ಎಂಬ ತಾಯಿಯ ಹೆಸರು ನಾಲ್ಕು ಶತಮಾನಗಳ ಮಳೆಬಿಸಿಲನ್ನು ತಡೆದು ನಿಂತಿದೆ. ಇಂದಿನ ಪ್ರತಿಷ್ಠೆಗೆ ದುಡಿದ ತಾಯಂದಿರ, ಮಾವಂದಿರ, ಅಣ್ಣತಮ್ಮಂದಿರ ಹೆಸರುಗಳೂ ಹಾಗೆಯೇ ನಿಲ್ಲುವಂತಾಗಲಿ.

ಜೈನಂ ಜಯತು ಶಾಸನಂ.