ಬಿ.ಪಿ. ಗುಳಿಗೆಯ ಹಿಂದಿನ ಚರಿತ್ರೆ



ನಮ್ಮ ಗುಡೇಕೋಟೆಯಂಥ ಊರುಗಳಲ್ಲೂ ಇಂದು ಅನೇಕ ಹಿರಿಯರು ದಿನಕ್ಕೊಂದು ಬಿ.ಪಿ. ಗುಳಿಗೆ ನುಂಗುತ್ತಾರೆ. ಅದರ ಪಟ್ಟಿಯ ಮೇಲೆ ಬಹಳ ಸಲ ‘ಅಮ್ಲೋಡಿಪಿನ್’ ಎಂಬ ಹೆಸರಿರುತ್ತದೆ. ಈ ಪುಟ್ಟ ಗುಳಿಗೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ ಎಂಬುದು ನಿಮಗೆ ಗೊತ್ತೇ?

ಅದು ಆರಂಭವಾಗುವುದು ಲಂಡನ್ನಿನ ನಲ್ಲಿ ನೀರಿನಿಂದ. ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಲವಣ ದ್ರಾವಣದಲ್ಲಿಟ್ಟು ಪರೀಕ್ಷಿಸುತ್ತಿದ್ದರು. ನಲ್ಲಿ ನೀರಿನ ದ್ರಾವಣದಲ್ಲಿ ಹೃದಯ ಚೆನ್ನಾಗಿ ಬಡಿಯುತ್ತಿತ್ತು. ಬಟ್ಟಿ ಇಳಿಸಿದ ನೀರಿನದರಲ್ಲಿ ಬೇಗನೆ ಸೋತು ನಿಲ್ಲುತ್ತಿತ್ತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಇದಕ್ಕೆ ಮುಖ್ಯ ಕಾರಣವೆಂದು 1883ರಲ್ಲಿ ಅವರು ತಿಳಿಸಿದರು.

ಹೃದಯವಾಗಲಿ, ರಕ್ತನಾಳದ ಸ್ನಾಯುವಾಗಲಿ ಬಿಗಿಯಾಗಲು ಕ್ಯಾಲ್ಸಿಯಂ ಜೀವಕೋಶದೊಳಗೆ ಬರಬೇಕು. ಅದಕ್ಕೆ ಕೋಶದ ಪೊರೆಯಲ್ಲಿ ಸೂಕ್ಷ್ಮ ಬಾಗಿಲುಗಳಿವೆ. ವೆರಪಮಿಲ್‌ನಂಥ ಔಷಧಿ ಕೊಟ್ಟಾಗ ಕ್ಯಾಲ್ಸಿಯಂ ತೆಗೆದುಬಿಟ್ಟಂತೆಯೇ ಹೃದಯದ ಬಡಿತದ ಬಲ ತಗ್ಗುವುದನ್ನು 1960ರ ದಶಕದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಕಂಡುಕೊಂಡರು. ಈ ಬಾಗಿಲುಗಳಿಗೆ ಅಡ್ಡ ನಿಲ್ಲುವ ಔಷಧಿಗಳೇ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು. ಅಮ್ಲೋಡಿಪಿನ್ ಮುಖ್ಯವಾಗಿ ರಕ್ತನಾಳವನ್ನು ಸಡಿಲಿಸಿ ಒತ್ತಡ ಇಳಿಸುತ್ತದೆ. ಇದರಿಂದ ಮೂಳೆಯ ಕ್ಯಾಲ್ಸಿಯಂ ಕರಗುತ್ತದೆಂಬ ಭಯ ಬೇಡ. ಹಾಲು ಬಿಡಬೇಕಾಗಿಯೂ ಇಲ್ಲ.

ಈ ಚರಿತ್ರೆಯಲ್ಲಿ ಒಂದು ಕಹಿ ಪಾಠವೂ ಇದೆ. ಬಿ.ಪಿ. ಏರಿದೊಡನೆ ನಿಫೆಡಿಪಿನ್ ಕ್ಯಾಪ್ಸೂಲನ್ನು ಒಡೆದು ನಾಲಿಗೆಯ ಕೆಳಗೆ ಹಾಕುವ ರೂಢಿ ಅನೇಕ ದೇಶಗಳಲ್ಲಿತ್ತು. ಒತ್ತಡ ಹಠಾತ್ತನೆ ಕುಸಿದು ಕೆಲವರಿಗೆ ಹೃದಯಾಘಾತ, ಪಾರ್ಶ್ವವಾಯು ಆದವು. ಈ ರೂಢಿ ನಿಲ್ಲಬೇಕೆಂದು 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಜ್ಞರು ಕರೆಕೊಟ್ಟರು. ಒತ್ತಡ ಇಳಿಯಬೇಕು ನಿಜ, ಆದರೆ ನಿಧಾನವಾಗಿ ಇಳಿಯಬೇಕು. ಅಮ್ಲೋಡಿಪಿನ್ ನಿಧಾನವಾಗಿ ಕೆಲಸ ಮಾಡಿ ಇಡೀ ದಿನ ಉಳಿಯುತ್ತದೆ. 33,357 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ‘ಆಲ್‌ಹ್ಯಾಟ್’ ಅಧ್ಯಯನದಲ್ಲಿ, ಹೃದಯಾಘಾತ ತಡೆಯುವುದರಲ್ಲಿ ಅದು ಹಳೆಯ ಮೂತ್ರವರ್ಧಕ ಗುಳಿಗೆಗೆ ಸರಿಸಮವಾಗಿತ್ತು. ಹೃದಯ ವೈಫಲ್ಯ ಮಾತ್ರ ಅಮ್ಲೋಡಿಪಿನ್ ಪಡೆದವರಲ್ಲಿ ಹೆಚ್ಚಿತ್ತು. ಆದ್ದರಿಂದ ಯಾರಿಗೆ ಯಾವ ಗುಳಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ವಿದ್ಯಾರ್ಥಿಗಳೇ, ನಿಮ್ಮ ಅಜ್ಜ ಅಜ್ಜಿಯರ ಗುಳಿಗೆಯ ಚೀಟಿಯನ್ನು ಒಮ್ಮೆ ಓದಿರಿ. ಪಾದ ಬಾತುಕೊಂಡರೆ ಅದು ಈ ಗುಳಿಗೆಯಿಂದಲೂ ಇರಬಹುದು, ವೈದ್ಯರಿಗೆ ತಿಳಿಸಿರಿ. ವೆರಪಮಿಲ್ ಅಥವಾ ಡಿಲ್ಟಿಯಾಜೆಮ್ ಜೊತೆಗೆ ಅಟೆನೊಲಾಲ್‌ನಂಥ ಗುಳಿಗೆ ಸೇರಿದರೆ ನಾಡಿ ಅಪಾಯಕಾರಿಯಾಗಿ ನಿಧಾನವಾಗಬಹುದು. ಆದುದರಿಂದ ಬೇರೆ ದವಾಖಾನೆಗೆ ಹೋದಾಗ ಹಳೆಯ ಚೀಟಿ ತಪ್ಪದೆ ತೋರಿಸಿರಿ. ನೆರೆಮನೆಯವರ ಗುಳಿಗೆ ಕೇಳಿ ನುಂಗುವುದು ಬೇಡ. ತಲೆನೋವಿಲ್ಲ, ಬಿ.ಪಿ. ಸರಿಯಾಯಿತು ಎಂದು ತಾವಾಗಿಯೇ ನಿಲ್ಲಿಸುವುದೂ ಬೇಡ. ಬಿ.ಪಿ. ಸರಿಯಿರುವುದು ಬಹುಮಟ್ಟಿಗೆ ಆ ಗುಳಿಗೆಯಿಂದಲೇ ಎಂದು ಮನೆಯವರಿಗೆ ತಿಳಿಹೇಳುವ ಕೆಲಸ ಓದಿದ ಮಕ್ಕಳಾದ ನಿಮ್ಮದು.