ಒಂದೇ ಹೆಸರಿನ ಎರಡು ಪ್ರಾಣಿಗಳು

ಸಿಡ್ನಿಯ ಉತ್ತರ ಭಾಗದಲ್ಲಿ ನೆಲೆಸಿರುವ ಸದಸ್ಯರು ಮುಂಜಾನೆ ಹಿತ್ತಲಿನ ಹುಲ್ಲಿನಲ್ಲಿ ಆಲಿಕೆಯಾಕಾರದ ಸಣ್ಣ ಕುಳಿಗಳನ್ನು ಕಂಡಿರಬಹುದು. ಅವನ್ನು ತೋಡಿದ ಪ್ರಾಣಿಯ ಹೆಸರು ಬ್ಯಾಂಡಿಕೂಟ್. ಇಂಗ್ಲಿಷಿನಲ್ಲಿ ನಮ್ಮೂರಿನ ಹೆಗ್ಗಣಕ್ಕೂ ಅದೇ ಹೆಸರಿರುವುದರಿಂದ, ಇದೂ ಹೆಗ್ಗಣವೇ ಎಂದು ಭಾವಿಸಿ ಇಲಿಪಾಷಾಣ ಇಡಲು ಮನಸ್ಸಾಗುವುದು ಸಹಜ.

ಈ ಹೆಸರಿನ ಮೂಲ ತೆಲುಗಿನ ‘ಪಂದಿಕೊಕ್ಕು’, ಅಂದರೆ ಹಂದಿಯಿಲಿ. ಹಳಗನ್ನಡದ ‘ಪಂದಿ’ಯೇ ಇಂದಿನ ‘ಹಂದಿ’ ಎಂಬುದನ್ನು ನೆನೆದರೆ ಈ ಪದ ನಮಗೂ ಪರಕೀಯವಲ್ಲ. ಭಾರತದಲ್ಲಿದ್ದ ಇಂಗ್ಲಿಷರು ಹೆಗ್ಗಣವನ್ನು ಹಾಗೆ ಕರೆದರು. 1788ರಲ್ಲಿ ಸಿಡ್ನಿಯಲ್ಲಿ ಬ್ರಿಟಿಷ್ ವಸಾಹತು ಸ್ಥಾಪನೆಯಾದ ಬಳಿಕ, ಉದ್ದ ಮೂತಿಯ ಇಲ್ಲಿನ ಪ್ರಾಣಿಗೂ ಅದೇ ಹೆಸರು ಅಂಟಿಕೊಂಡಿತು. 1804ರಲ್ಲಿ ಫ್ರೆಂಚ್ ವಿಜ್ಞಾನಿ ಜೆಫ್ರಾ ಸೇಂಟ್ ಇಲೇರ್ ಅದಕ್ಕೆ ‘ಪೆರಾಮೆಲೆಸ್’ ಎಂಬ ಶಾಸ್ತ್ರೀಯ ನಾಮವನ್ನಿತ್ತು, ಅದರ ಹೊಟ್ಟೆಚೀಲವನ್ನು ಹೆಸರಿನಲ್ಲಿಯೇ ಗುರುತಿಸಿದನು. ಆದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು.

ಹೆಗ್ಗಣವು ದಂಶಕ. ಜೀವನಪರ್ಯಂತ ಬೆಳೆಯುವ ಉಳಿಯಂತಹ ಬಾಚಿಹಲ್ಲುಗಳಿಂದ ಕಾಳಿನ ಚೀಲಗಳನ್ನು ಕಡಿಯುತ್ತದೆ. ಸುಮಾರು 3 ವಾರ ಗರ್ಭ ಧರಿಸುತ್ತದೆ. ಬ್ಯಾಂಡಿಕೂಟ್ ಕಾಂಗರೂವಿನಂತೆ ಚೀಲದ ಪ್ರಾಣಿ. ಅದರ ಬಾಯಲ್ಲಿ ಸಣ್ಣ ಚೂಪಾದ ಹಲ್ಲುಗಳು ಹಲವು. ಆಹಾರ ಮುಖ್ಯವಾಗಿ ಹುಳುಹುಪ್ಪಟೆ. ಗರ್ಭಾವಧಿ ಸುಮಾರು 12.5 ದಿನ ಮಾತ್ರ. ಬಳಿಕ ಮರಿ ಬೆಳೆಯುವುದು ಚೀಲದಲ್ಲಿ. ಮಣ್ಣು ಅಗೆಯುವಾಗ ಒಳಗೆ ಧೂಳು ತುಂಬದಂತೆ ಆ ಚೀಲ ಹಿಮ್ಮುಖವಾಗಿ ತೆರೆದಿರುತ್ತದೆ. ಇವೆರಡರ ವಂಶಗಳು ಕವಲೊಡೆದು ಸುಮಾರು 16 ಕೋಟಿ ವರ್ಷಗಳಾದವು. ವಂಶಾವಳಿಯನ್ನು ನೋಡಿದರೆ ಹೆಗ್ಗಣವು ಬ್ಯಾಂಡಿಕೂಟ್‌ಗಿಂತ ಮನುಷ್ಯನಿಗೇ ಹತ್ತಿರದ ಬಂಧು!

ಹೆಸರಿನ ಈ ಗೊಂದಲ ನಿರಪಾಯಕಾರಿಯಲ್ಲ. ಬಹುಪಾಲು ಇಲಿಪಾಷಾಣಗಳು, ವೈದ್ಯರು ಹೃದ್ರೋಗಿಗಳಿಗೆ ಕೊಡುವ ವಾರ್ಫರಿನ್‌ನಂತೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತುಗಳು. ಅವು ಪ್ರಾಣಿಯ ಹೆಸರು ಕೇಳಿ ಕೊಲ್ಲುವುದಿಲ್ಲ. ನರಿ, ಬೆಕ್ಕು ಮತ್ತು ನೆಲೆಯ ನಾಶದಿಂದ ಈ ಕುಲ ಈಗಾಗಲೇ ನಲುಗಿದೆ. ಹಂದಿಪಾದದ ಬ್ಯಾಂಡಿಕೂಟ್ 20ನೆಯ ಶತಮಾನದಲ್ಲಿ ಶಾಶ್ವತವಾಗಿ ಅಳಿಯಿತು. ವಿಕ್ಟೋರಿಯಾದ ಹುಲ್ಲುಗಾವಲುಗಳಿಂದ ಮರೆಯಾಗಿದ್ದ ಪಟ್ಟೆ ಬ್ಯಾಂಡಿಕೂಟ್ ಮಾತ್ರ, ದಶಕಗಳ ಪರಿಶ್ರಮದ ಫಲವಾಗಿ, 2021ರಲ್ಲಿ ‘ಅಳಿವಿನಂಚಿನ’ ಪಟ್ಟಿಗೆ ಮರಳಿತು.

ಪರ್ತ್‌ನ ಜನರು ತಮ್ಮಲ್ಲಿನ ಬ್ಯಾಂಡಿಕೂಟ್ ಅನ್ನು ನೂಂಗಾರ್ ಮೂಲನಿವಾಸಿಗಳ ಮಾತಿನಲ್ಲಿ ‘ಕ್ವೆಂಡಾ’ ಎನ್ನುತ್ತಾರೆ. ಆ ಹೆಸರಿನಲ್ಲಿ ಹಂದಿಯೂ ಇಲ್ಲ, ಇಲಿಯೂ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮದು. ಹೆಗ್ಗಣವೇ ಅಲ್ಲದ ಈ ಅತಿಥಿಗೆ ಹಿತ್ತಲಿನ ನಾಲ್ಕು ಕುಳಿಗಳನ್ನು ಬಿಟ್ಟುಕೊಡುವುದು ನಮಗೆ ಭಾರವಾಗಲಾರದು.